ಮೂರು ಸಲ ಕಟ್ಟಿದ ಮೂಟೆ

ದೊಡ್ಡವನೇ, ನಡುವಿನವಳೇ, ನನ್ನ ಕುನ್ನ ಮಗಳೇ,

ಬಡಗಣ ಕಾಡಿಗೆ ಹೋಗುವಾಗ ನಮ್ಮ ಕಾಲದವರು ಏನೇನು ಕಟ್ಟಿಕೊಂಡು ಹೋಗುತ್ತಿದ್ದರು ಎಂದು ನೀವು ಮೂವರೂ ಕೇಳಿದಿರಿ. ಬಾಯಲ್ಲಿ ಹೇಳಲು ನೋಡಿದೆ, ಆಗಲಿಲ್ಲ. ನಾಲ್ಕು ಜನ ಮುಖ ನೋಡುತ್ತ ಕುಳಿತರೆ ಈ ವಯಸ್ಸಿನಲ್ಲೂ ನನಗೆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬರೆಯುವುದು ಸುಲಭ. ಚಿಕ್ಕಂದಿನಲ್ಲಿ ತವರಿನ ಹಟ್ಟಿಯ ಶಾಲೆಯಲ್ಲಿ ನಾಲ್ಕು ವರ್ಷ ಕನ್ನಡ ಕಲಿತೆ. ಮೇಷ್ಟರು ಮೈಸೂರು ಸೀಮೆಯವರು. ನಾವು ಮನೆಯಲ್ಲಿ ಆಡುವ ಮಾತು ಹಲಗೆಯ ಮೇಲೆ ಬಂದರೆ ಬೆತ್ತ ತೆಗೆಯುತ್ತಿದ್ದರು. ಆದ್ದರಿಂದ ಅವರು ಕಲಿಸಿದ ಹಾಗೆ ಬರೆಯುತ್ತೇನೆ.

ನಿಮಗೆ ಬಡಗಣ ಕಾಡೆಂದರೆ ಮೋಟಾರು ಹತ್ತಿ ಮಸಿನಗುಡಿಯಲ್ಲಿ ಇಳಿಯುವುದು. ನಮಗೆ ಅದು ಮೂರು ತಿಂಗಳ ಮಾತು. ಕಾರ್ತಿಕ ಕಳೆದು ಹಿಮ ಬೀಳತೊಡಗಿದರೆ ಬೆಟ್ಟದ ಮೇಲಿನ ಹುಲ್ಲು ಬೆಂಕಿ ಹಾಯ್ದಂತೆ ಕಪ್ಪಾಗುತ್ತದೆ. ಎಮ್ಮೆಗಳಿಗೆ ಮೇವಿರುವುದಿಲ್ಲ. ನಾನು ಮದುವೆಯಾಗಿ ಹೋದ ಹಟ್ಟಿ ಬೆಟ್ಟದ ಬಡಗಣ ಅಂಚಿನಲ್ಲೇ ಇತ್ತು. ಅಲ್ಲಿಂದ ಎಮ್ಮೆ ಹೊಡೆದುಕೊಂಡು ಒಂದು ಹಗಲು ಇಳಿದರೆ ಸೀಗೂರು, ಇನ್ನೊಂದು ಹಗಲು ನಡೆದರೆ ಮೋಯಾರಿನ ಕಮರಿ. ಆ ಕಮರಿಯ ಮೇಲಿನ ಬಯಲಿನಲ್ಲಿ ಮುಳ್ಳಿನ ಬೇಲಿ ಹಾಕಿ, ಗಂಡಸರು ಇಬ್ಬರು ಮೂವರು ಎಮ್ಮೆಗಳ ಜೊತೆಗೇ ಮಲಗಿ ಹಿಮ ಮುಗಿಯುವ ತನಕ ಇರುತ್ತಿದ್ದರು. ಹೆಂಗಸರು ಹೋಗುವಂತಿಲ್ಲ. ನಮ್ಮ ಪಾಲಿಗೆ ಬಂದದ್ದು ಮೂಟೆ ಕಟ್ಟುವುದು.

ನಾನು ಆ ಮನೆಗೆ ಹೋಗುವ ಹಿಂದಿನ ವರ್ಷ ನಿಮ್ಮ ಅಜ್ಜನ ಅಣ್ಣ ಹೀಗೆ ಇಳಿದು ಹೋದವರು ತಿರುಗಿ ಬರಲಿಲ್ಲ. ಬೇಲಿ ಹಾರಿ ಬಂದ ಹುಲಿ ಕರುವನ್ನು ಬಿಟ್ಟು ಅವರನ್ನು ಹಿಡಿಯಿತು. ಉಳಿದಷ್ಟನ್ನು ಮಾಮ, ಎಂದರೆ ನನ್ನ ಮಾವ, ಒಂದು ಕಂಬಳಿಯಲ್ಲಿ ಸುತ್ತಿ ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿದರಂತೆ. ಆಮೇಲೆ ಅವರು ನಗುವುದನ್ನು ಯಾರೂ ಕಂಡಿಲ್ಲ. ಉಳಿದದ್ದು ಒಬ್ಬನೇ ಮಗ, ನಿಮ್ಮ ಅಜ್ಜ. ನನ್ನ ಮದುವೆಯ ಎರಡನೆಯ ವರ್ಷ ಮಂದೆಯ ಮುಂದೆ ನಡೆಯುವ ಕೆಲಸ ಅವರಿಗೆ ಬಂತು.

ಅದಕ್ಕಾಗಿ ಅವತ್ತು ಏನೇನು ಕಟ್ಟಿದೆವು ಎಂದರೆ: ಹುರಿದ ಗಂಜೆಯ ಹಿಟ್ಟು. ಗಂಜೆ ಎಂದರೆ ನಮ್ಮ ಬೆಟ್ಟದ ಬಾರ್ಲಿ. ಸಾಮೆ ಎರಡು ಚೀಲ, ಬೆಳ್ಳುಳ್ಳಿ, ಒಣಮೆಣಸು, ಬೆಂಕಿಗೆ ಚಕಮಕಿ ಕಲ್ಲು, ಮೇಣ ಹಚ್ಚಿದ ಹಗ್ಗ. ಮೂರು ಕತ್ತಿ, ಅವನ್ನು ಮಾಮ ತಾವೇ ಮಸೆದು ಎಡಗೈ ರೋಮದ ಮೇಲೆ ಎಳೆದು ನೋಡಿ ಒರೆಗೆ ಹಾಕಿದರು. ಹಿಂದಿನ ದಿನ ಎಮ್ಮೆಗಳಿಗೆಲ್ಲ ಬರೆ ಹಾಕಿ ಆಗಿತ್ತು. ಕೆಳಗೆ ಬೇರೆಯವರ ಮಂದೆಯ ಜೊತೆ ಬೆರೆತರೆ ಗುರುತು ಬೇಕಲ್ಲ. ಕಾದ ಕಬ್ಬಿಣ ತೊಡೆಗೆ ತಾಗಿದಾಗಿನ ಆ ಕೂಗು, ಸುಟ್ಟ ಚರ್ಮದ ನಾತ, ಎರಡೂ ಹಟ್ಟಿಯ ಮೇಲೆ ಹಾಗೇ ನಿಂತಿದ್ದವು. ಇವಲ್ಲದೆ ಮಾಮಿ, ನನ್ನ ಅತ್ತೆ, ಬೇರೆಯಾಗಿ ಒಂದು ಚಿಕ್ಕ ಮೂಟೆ ಕಟ್ಟಿದರು. ಗಾಯದ ಮೂಟೆ. ಒಗೆದ ಹಳೆ ಬಟ್ಟೆ, ಅರಿಸಿನ, ಕುಪ್ಪಿಯಲ್ಲಿ ಹರಳೆಣ್ಣೆ, ದಬ್ಬಳ, ಕುದುರೆ ಬಾಲದ ಕೂದಲು. ಕೂದಲು ಹೊಲಿಯುವುದಕ್ಕೆ.

"ಎಮ್ಮೆ ಹೊಲಿಯಲಾ ಇದು?" ಎಂದು ಕೇಳಿದೆ.

"ಎಮ್ಮೆನೂ ಹೊಲಿಯಲಕ್ಕು, ನಿನ್ನ ಗಂಡನ್ನೂ ಹೊಲಿಯಲಕ್ಕು," ಎಂದರು ಮಾಮಿ. "ಗೆಡ್ಡೆ ಮನೆಯ ಕೂಸಿಗ ಇದೆಲ್ಲ ಎಲ್ಲಿ ಗೊತ್ತು!"

ಗೆಡ್ಡೆ ಮನೆ ಎಂದರೆ ನನ್ನ ತವರು. ನನ್ನ ಅಪ್ಪ ಎಮ್ಮೆಗಳನ್ನೆಲ್ಲ ಮಾರಿ ಉರುಳಗೆಡ್ಡೆ ನೆಟ್ಟವರು. ಹೊದಿಕೆಯಷ್ಟು ದೊಡ್ಡ ಹೊಲದಲ್ಲಿ ಮಣ್ಣು ಕೆದಕುವ ಜನ ಎಂದು ಈ ಹಟ್ಟಿಯವರಿಗೆ ನಗೆ. ನಾನು ಬೆಳೆದದ್ದು ಎಮ್ಮೆಯ ವಾಸನೆಯೂ ಇಲ್ಲದ ಮನೆಯಲ್ಲಿ. ನೆನಪಿಡಿ, ಮುಂದೆ ಆದದ್ದೆಲ್ಲ ಆದದ್ದು ಇದರಿಂದಲೇ.

ಎಮ್ಮೆಗೆ ಉಪ್ಪೆಂದರೆ ಹುಚ್ಚು. ಹೊರಡುವುದಕ್ಕೆ ಮುಂಚೆ ಒಂದು ತಿಂಗಳು ಮಂದೆಗೆ ಉಪ್ಪುನೀರು ಕೊಡುವುದಿಲ್ಲ. ಬೇಕೆಂದೇ ಬಿಗಿಹಿಡಿಯುತ್ತಾರೆ. ಹೊರಡುವ ದಿನ ಮುಂದೆ ನಡೆಯುವವನ ಸೊಂಟದಲ್ಲಿ ಒಂದು ಬಿದಿರ ಕೊಳವೆಯಲ್ಲಿ ಉಪ್ಪಿರುತ್ತದೆ. ಬಾಯಿಗೆ ಜೇನುಮೇಣ ಮೆತ್ತಿ ಬಿಗಿದಿರುತ್ತಾರೆ. ತಂಗುವ ಕಡೆಯಲ್ಲೆಲ್ಲ ಒಂದು ಕಲ್ಲಿನ ಮೇಲೆ ಒಂದು ಚಿಟಿಕೆ ಹಾಕಿ, ಕೊರಳಿಗೆ ಗಂಟೆ ಕಟ್ಟಿದ ಮುಂದಿನ ಎಮ್ಮೆಗೆ ನೆಕ್ಕಿಸಿದರೆ ಸಾಕು, ಅದು ಅವನ ಹಿಂದೆಯೇ ನಡೆಯುತ್ತದೆ, ಉಳಿದವು ಅದರ ಹಿಂದೆ. ಮೂವತ್ತು ಎಮ್ಮೆಗಳನ್ನು ಆ ಕಡಿದಾದ ದಾರಿಯಲ್ಲಿ ಇಳಿಸುವುದು ಕೋಲಿನಿಂದಲ್ಲ, ಆ ಹಸಿವಿನಿಂದ. ಆದ್ದರಿಂದ ಮುಂದೆ ನಡೆಯುವವನ ಮೈಗೆ, ಬಟ್ಟೆಗೆ ಉಪ್ಪಿನ ಸೋಂಕು ಇರಬಾರದು. ಮಿಂದು, ಒಗೆದದ್ದು ಉಟ್ಟು ಹೊರಡಬೇಕು. ಇದು ಆ ಹಟ್ಟಿಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನಗೂ ಹೇಳಲಿಲ್ಲ.

ಹೊರಡುವ ಹಿಂದಿನ ದಿನ ಮಂಜು ಮನೆಯೊಳಗೇ ಬಂದು ಕುಳಿತಿತ್ತು. ಉದಕಮಂಡಲದ ಸಂತೆಯಿಂದ ತಂದ ಉಪ್ಪಿನ ಚೀಲ ನೀರೊಡೆದು ಕೆಳಗೆ ಕೆಸರಾಗಿತ್ತು. "ಒಲೆ ಹತ್ತಿರ ಒಣಗಿಸು," ಎಂದು ಹೇಳಿ ಮಾಮಿ ಕಟ್ಟಿಗೆಗೆ ಹೋದರು. ಮೊರದಲ್ಲಿ ಹಿಟ್ಟಿತ್ತು, ತಟ್ಟೆಯಲ್ಲಿ ಮೆಣಸಿತ್ತು. ಕೈಗೆ ಸಿಕ್ಕಿದ್ದು ನಿಮ್ಮ ಅಜ್ಜನ ತುಪ್ಪಟ್ಟಿ, ಎಂದರೆ ನಮ್ಮ ಗಂಡಸರು ಹೆಗಲಿಂದ ಹೊದೆಯುವ ದಪ್ಪ ಬಿಳಿಯ ಹೊದಿಕೆ. ಪ್ರಯಾಣಕ್ಕೆಂದು ಒಗೆದು ಮಡಿಸಿ ಇಟ್ಟಿದ್ದದ್ದು. ದಪ್ಪ ಬಟ್ಟೆ ನೀರು ಚೆನ್ನಾಗಿ ಹೀರುತ್ತದೆ ಎಂದುಕೊಂಡೆ. ಒಲೆಯ ಪಕ್ಕದ ಬಿಸಿ ಕಲ್ಲಿನ ಮೇಲೆ ಅದನ್ನು ಹಾಸಿ ಉಪ್ಪು ಹರಡಿದೆ. ಸಂಜೆಯ ಹೊತ್ತಿಗೆ ಉಪ್ಪು ಕಟಕಟ ಎನ್ನುವಷ್ಟು ಒಣಗಿತು. ಕೊಳವೆಗೆ ತುಂಬಿದೆ. ತುಪ್ಪಟ್ಟಿಯನ್ನು ಬಾಗಿಲಾಚೆ ನಾಲ್ಕು ಸಲ ಕೊಡವಿದೆ, ಒಲೆಗೆ ಹಿಡಿದು ಆರಿಸಿ, ಹಿಂದಿನ ಮಡಿಕೆಯಲ್ಲೇ ಮಡಿಸಿ ಇಟ್ಟೆ. ನೋಡಲು ಒಂದು ಕಲೆಯೂ ಇರಲಿಲ್ಲ. ಮಾಮಿ ಬಂದು ಉಪ್ಪನ್ನು ಬೆರಳಲ್ಲಿ ಮುಟ್ಟಿ ನೋಡಿ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಅದು ಹೊಗಳಿಕೆ. ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಬೆಳಿಗ್ಗೆ ನಮ್ಮ ಕುರುಂಬ ಬಂದ. ಬೆಟ್ಟದ ಇಳಿಜಾರಿನ ಕಾಡಿನಲ್ಲಿ ಅವನ ನಾಲ್ಕು ಗುಡಿಸಲು. ಪ್ರತಿ ಹಟ್ಟಿಗೂ ಒಬ್ಬ ಕುರುಂಬ ಇರುತ್ತಿದ್ದ. ಮೊದಲ ಬಿತ್ತನೆಯ ಹಿಡಿ ಕಾಳು ಅವನ ಕೈಯಿಂದಲೇ ಬೀಳಬೇಕು, ಸುಗ್ಗಿಯಲ್ಲಿ ಅವನ ಪಾಲು ಧಾನ್ಯ ಅವನಿಗೆ. ನಮ್ಮವರು ಅವನಿಲ್ಲದೆ ಬಿತ್ತುವುದಿಲ್ಲ, ಆದರೂ ಅವನ ಕಣ್ಣಿಗೆ ಹೆದರುತ್ತಾರೆ. ಯಾರಿಗಾದರೂ ಜ್ವರ ಬಂದರೆ, ಹಾಲು ಬತ್ತಿದರೆ, ಮೊದಲು ಬಾಯಿಗೆ ಬರುವುದು ಕುರುಂಬನ ಮಂತ್ರದ ಮಾತು. ಅಂಥ ಮಾತಿನಿಂದ ಕೆಲವು ಕಡೆ ಏನಾಯಿತು, ಗುಡಿಸಲುಗಳಿಗೆ ಬೆಂಕಿ ಹೇಗೆ ಬಿತ್ತು ಎಂದು ಚಿಕ್ಕಂದಿನಲ್ಲಿ ದೊಡ್ಡವರು ಪಿಸುಗುಟ್ಟುವುದನ್ನು ಕೇಳಿದ್ದೆ. ಇವನು ಐವತ್ತು ದಾಟಿದವನು, ಒಣಗಿದ ಕಡ್ಡಿಯಂಥ ಆಳು. ಅವನ ಹೆಂಡತಿ ವರ್ಷಕ್ಕೆರಡು ಸಲ ಜೇನು ತಂದು ನಮ್ಮ ಜಗಲಿಯ ಕೆಳಗೆ ಕೂರುತ್ತಿದ್ದಳು. ನನ್ನ ಹಾಗೆಯೇ ಮಾತು ಕಡಿಮೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕು ಸುಮ್ಮನಿರುತ್ತಿದ್ದೆವು.

ಮಂದೆ ಇಳಿಯುವ ದಿನ ಗಂಟೆಯ ಎಮ್ಮೆಯ ಕೊಂಬಿಗೆ ನಾರಿನ ದಾರವೊಂದು ಕಟ್ಟುವುದೂ ಅವನ ಕೆಲಸ. ಹುಲಿಗೆ ಕಾವಲು. ಅವನು ಕಟ್ಟಿದ. ಏನೋ ಗುಣುಗುಟ್ಟಿದ. ಬದಿಗೆ ಸರಿದು ನಿಂತ.

ನಮ್ಮ ದೊಡ್ಡಿಯಿಂದ ದಾರಿಗೆ ಬರಲು ಎರಡು ಕಲ್ಲುಗೋಡೆಗಳ ನಡುವೆ ಒಂದು ಓಣಿ. ಎರಡು ಎಮ್ಮೆ ಜೊತೆಯಾಗಿ ನಡೆಯುವಷ್ಟು ಅಗಲ. ನಿಮ್ಮ ಅಜ್ಜ ತುಪ್ಪಟ್ಟಿ ಹೊದ್ದು, ಕೋಲು ಹಿಡಿದು ಓಣಿಯಲ್ಲಿ ಮುಂದೆ ನಿಂತರು. ಮಾಮ ದೊಡ್ಡಿಯ ಗಳ ಎಳೆದರು. ನಾನು ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಗಂಟೆಯ ಎಮ್ಮೆ ಬಂತು. ಮೂತಿ ಎತ್ತಿ ಮೂಸಿತು. ತುಪ್ಪಟ್ಟಿಯ ಅಂಚನ್ನು ಬಾಯಲ್ಲಿ ಹಿಡಿದು ಚೀಪತೊಡಗಿತು.

"ನೋಡಿರಿ," ಎಂದು ನಿಮ್ಮ ಅಜ್ಜ ನಕ್ಕು ನನ್ನ ಕಡೆಗೇ ಕಣ್ಣು ಹಾಯಿಸಿದರು. "ಇವಗ ಎನ್ನ ಬಿಟ್ಟಿರಲು ಆಗದು! ಮನೆಲಿ ಒಬ್ಬ ಹೆಮ್ಮಾತಿ ಸಾಲದಾ ಎನಗ?"

ಹೆಮ್ಮಾತಿ ಎಂದರೆ ಹೆಂಗಸು, ನಾನು. ಗಂಡಸರು ನಕ್ಕರು. ನಾನು ಬಾಗಿಲ ಮರೆಗೆ ಸರಿದೆ. ಅಷ್ಟರಲ್ಲಿ ಎರಡನೆಯದು ಬಂತು, ಮೂರನೆಯದು. ನಿಮ್ಮ ಅಜ್ಜ ಒಂದರ ಮೂತಿಗೆ ತಟ್ಟಿ ಬಟ್ಟೆ ಎಳೆದುಕೊಂಡರು. ಅದು ಬಿಡಲಿಲ್ಲ. ಹಿಂದಿನವು ಮುಂದಿನವನ್ನು ನೂಕಿದವು. ಒಂದು ತಿಂಗಳು ಉಪ್ಪು ಕಾಣದ ಮೂವತ್ತು ಎಮ್ಮೆ, ಎರಡು ಗೋಡೆಗಳ ನಡುವೆ ಒಬ್ಬ ಮನುಷ್ಯ. ಕೊಂಬಿಗೆ ಕೊಂಬು ಬಡಿಯುವ ಸದ್ದು ಕೇಳಿಸಿತು. ಆಮೇಲೆ ಅವರು ಕಾಣಲಿಲ್ಲ. ಕಪ್ಪು ಬೆನ್ನುಗಳು ಮಾತ್ರ ಒಂದರ ಮೇಲೊಂದು ಏರುತ್ತಿದ್ದವು. ಅವರ ಕೂಗು ಒಂದು ಸಲ ಬಂತು, ಇನ್ನೊಂದು ಸಲ ಬರುವಾಗ ನಡುವೆಯೇ ಮುರಿಯಿತು.

ಮಾಮ ಗೋಡೆ ಹಾರಿ ಕೋಲಿನಿಂದ ಎಮ್ಮೆಗಳ ಕಣ್ಣಿಗೇ ಹೊಡೆದರು. ಮಾಮನ ತಮ್ಮ, ನಾವು ಕುನ್ನಮಾಮ, ಎಂದರೆ ಚಿಕ್ಕ ಮಾವ, ಎನ್ನುತ್ತಿದ್ದವರು, ಕತ್ತಿಯ ಬೆನ್ನಿನಿಂದ ಮೂತಿಗಳನ್ನು ಬಡಿದರು. ಒಂದು ಎಮ್ಮೆಯ ಮೂಗು ಒಡೆದು ರಕ್ತ ಗೋಡೆಗೆ ಚಿಮ್ಮಿತು. ಎಳೆದು ತಂದಾಗ ನಿಮ್ಮ ಅಜ್ಜನ ಬಲ ತೊಡೆ ಮಂಡಿಯಿಂದ ಸೊಂಟದ ತನಕ ಬಾಯಿ ತೆರೆದಿತ್ತು. ಪಕ್ಕೆಲುಬು ಮೂರು ಒಳಗೆ ಹೋಗಿದ್ದವು. ತುಳಿದ ಗೊರಸಿನ ಗುರುತು ಎದೆಯ ಮೇಲೆ ಮಣ್ಣಿನಲ್ಲಿ ಬಿದ್ದಷ್ಟು ಸ್ಪಷ್ಟವಾಗಿ ಬಿದ್ದಿತ್ತು.

ಗಾಯದ ಮೂಟೆ ಹೊಸ್ತಿಲು ದಾಟುವ ಮೊದಲೇ ಬಿಚ್ಚಿದೆವು. ನಾನು ತೊಡೆ ಒತ್ತಿ ಹಿಡಿದೆ, ಮಾಮಿ ದಬ್ಬಳ ತೆಗೆದುಕೊಂಡರು. ಹದಿನೇಳು ಹೊಲಿಗೆ. ಒಂದೊಂದಕ್ಕೂ ನಿಮ್ಮ ಅಜ್ಜ ಎದ್ದು ಕೂರುತ್ತಿದ್ದರು, ನಾನು ಭುಜಕ್ಕೆ ಮಂಡಿಯಿಟ್ಟು ಕೆಡವುತ್ತಿದ್ದೆ. ಹತ್ತನೆಯದಕ್ಕೆ ಪ್ರಜ್ಞೆ ತಪ್ಪಿತು. ಮಾಮಿ ಅಳಲಿಲ್ಲ. ಚೀಲ ಹೊಲಿಯುವವರಂತೆ ಹೊಲಿದು ಹಲ್ಲಿನಿಂದ ಕೂದಲು ಕತ್ತರಿಸಿದರು.

ತುಪ್ಪಟ್ಟಿಯನ್ನು ನಿಮ್ಮ ಅಜ್ಜನ ಮೈಯಿಂದ ಬಿಡಿಸುವಾಗ ಅದರ ಅಂಚು ನನ್ನ ತುಟಿಗೆ ತಾಗಿತು. ರಕ್ತವಿಲ್ಲದ ಅಂಚು. ನಾಲಿಗೆಗೆ ಉಪ್ಪು ಹತ್ತಿತು. ಇನ್ನೊಂದು ಕಡೆ ನೆಕ್ಕಿ ನೋಡಿದೆ. ಅಲ್ಲೂ ಉಪ್ಪು. ಮಕ್ಕಳೇ, ಆ ಕ್ಷಣ ನನಗೆ ಎಲ್ಲವೂ ಗೊತ್ತಾಯಿತು.

"ಮಾಮಿ, ನಾ ಉಪ್ಪ ಇದರ ಮೇಲ ಒಣಗಿಸಿದೆ," ಎಂದೆ.

ಮಾಮಿ ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು ತಾವೂ ಬಾಯಿಗಿಟ್ಟು ನೋಡಿದರು. ಆಮೇಲೆ ಅದನ್ನು ಸುತ್ತಿ ಅಟ್ಟದ ಮೇಲೆ ಬುಟ್ಟಿಗಳ ಹಿಂದೆ ತುರುಕಿದರು.

"ನುಂಗು," ಎಂದರು. "ಇವ ಸತ್ತರ ನೀ ಗಂಡನ ಕೊಂದವ ಆಗುವೆ. ಬದುಕಿದರೂ ನಿನ್ನ ಅಪ್ಪನ ಮನೆಗ ಓಡಿಸುವರು. ಎನ್ನ ಮಗಗ ನಾಳೆ ನೀರ ಕೊಡುವವ ಯಾರು? ನುಂಗಿಬಿಡು ಕೂಸೇ."

ನುಂಗುವುದು ನನಗೆ ಕಷ್ಟವಾಗಿರಲಿಲ್ಲ. ಹುಟ್ಟಿದಂದಿನಿಂದ ಮಾಡಿದ್ದು ಅದನ್ನೇ. ಆದರೆ ಹೊರಗೆ ಬೇರೆ ಸದ್ದು ಎದ್ದಿತ್ತು.

ಹಟ್ಟಿಯ ಗಂಡಸರೆಲ್ಲ ಸೇರಿದ್ದರು. ಎಮ್ಮೆಗಳನ್ನು ದೊಡ್ಡಿಗೆ ತಿರುಗಿಸಿ ಗಳ ಹಾಕಿದ್ದರು. ಕುರುಂಬನನ್ನು ದೊಡ್ಡಿಯ ಕಂಬಕ್ಕೆ, ನಾವು ಮೇಣ ಹಚ್ಚಿದ್ದ ಹಗ್ಗದಿಂದಲೇ ಕಟ್ಟಿದ್ದರು.

"ಕೊಂಬ ಮುಟ್ಟಿದವ ಯಾರು? ಇವ," ಎನ್ನುತ್ತಿದ್ದರು ಕುನ್ನಮಾಮ. "ಇವ ಮುಟ್ಟಿ ಕೈ ತೆಗೆವ ಮುಂಚೆ ಎಮ್ಮೆ ತಿರುಗಿತು. ಹಿಂದೆ ಒಂದು ಸಲ ದೊಡ್ಡವನ ಹುಲಿಗ ಕೊಟ್ಟ. ಈ ಸಲ ಅವನ ತಮ್ಮನ."

"ನಾ ಕಟ್ಟಿದ್ದು ಕಾವಲಿಗ, ಗೌಡ," ಎಂದ ಕುರುಂಬ. ಅವನು ಮಾಮನನ್ನೇ ನೋಡುತ್ತಿದ್ದ. "ನಿನ್ನ ಮಗನ ಮೇಲ ಎನಗ ಏನ ಹಗೆ? ನಿನ್ನ ಸಾಮೆ ತಿಂದ ಬಾಯಿ ಇದು."

"ಆ ಬಾಯನ್ನೇ ಮೊದಲು ಒಡೆಯುವಾ," ಎಂದರು ಮಾಮ.

ಹಲ್ಲಿಲ್ಲದ ಬಾಯಲ್ಲಿ ಮಂತ್ರ ನಿಲ್ಲುವುದಿಲ್ಲ ಎಂದು ನಮ್ಮವರ ನಂಬಿಕೆ. ಇಬ್ಬರು ತಲೆ ಹಿಡಿದರು. ಮಾಮ ಗೋಡೆಯಿಂದ ಅಂಗೈಯಷ್ಟು ಕಲ್ಲು ತೆಗೆದು ಹೊಡೆದರು. ಮೊದಲ ಏಟಿಗೆ ತುಟಿ ಹೋಯಿತು. ಎರಡನೆಯದಕ್ಕೆ ಹಲ್ಲು ಮುರಿದ ಸದ್ದು ನಮ್ಮ ಜಗಲಿಯ ತನಕ ಕೇಳಿಸಿತು, ಒಣ ಅವರೆಕಾಯಿ ಬಿರಿದ ಹಾಗೆ. ಅವನು ಕೂಗಲಿಲ್ಲ. ಮಾಮನ ಮುಖ ನೋಡಬೇಕಿತ್ತು ನೀವು. ಅದರಲ್ಲಿ ಸಿಟ್ಟೇ ಇರಲಿಲ್ಲ. ಮಗನನ್ನು ಕಂಬಳಿಯಲ್ಲಿ ಹೊತ್ತು ಬೆಟ್ಟ ಹತ್ತಿದ ದಿನವೂ ಆ ಮುಖ ಹಾಗೆಯೇ ಇದ್ದಿರಬೇಕು.

ಆಮೇಲೆ ಅವರು ನಮ್ಮ ಜಗಲಿಗೆ ಬಂದು ನನಗೆ ಹೇಳಿದರು, "ಮೂಟೆ ಬಿಚ್ಚು."

ಕೆಳಗಿನ ಗುಡಿಸಲುಗಳಿಗೆ ಸುದ್ದಿ ಮುಟ್ಟುವ ಮೊದಲೇ ಇಳಿಯಬೇಕು, ಇವನನ್ನೂ ಎಳೆದುಕೊಂಡು ಹೋಗಬೇಕು, ಎಲ್ಲವನ್ನೂ ಇವನ ಕಣ್ಣೆದುರೇ ಮುಗಿಸಿ ಕೊನೆಗೆ ಇವನನ್ನು. ಹಾಗೆಂದು ಕುನ್ನಮಾಮ ಹೇಳಿದರು. ಹೊಲಕ್ಕೆ ಗೊಬ್ಬರ ಹೊರುವ ಸರದಿ ಹೇಳುವ ಧ್ವನಿಯಲ್ಲೇ ಹೇಳಿದರು. ಹೋಗುವವರು ಆರು ಜನ ಗಂಡಸರು.

ನಾನು ಮೂಟೆ ಬಿಚ್ಚಿದೆ. ಮೂರು ತಿಂಗಳ ಹಿಟ್ಟು, ಸಾಮೆ ಎಲ್ಲ ತೆಗೆದು ಒಳಗಿಟ್ಟೆ. ಕತ್ತಿಗಳನ್ನು ಮಾಮ ಹಂಚಿದರು. ಗಾಯಕ್ಕೆಂದು ಇಟ್ಟಿದ್ದ ಹಳೆ ಬಟ್ಟೆಯಲ್ಲಿ ಉಳಿದದ್ದನ್ನು ಒಣ ಬಿದಿರಿಗೆ ಸುತ್ತಿ ಹರಳೆಣ್ಣೆ ಹನಿಸು ಎಂದರು. ಪಂಜು. ಒಂದೊಂದು ಗುಡಿಸಲಿಗೂ ಎರಡರಂತೆ ಎಂಟು ಸುತ್ತಿದೆ. ಮಳೆ ಬಂದರೆ ನೆನೆಯಬಾರದೆಂದು ಎಂಟನ್ನೂ ಚರ್ಮದಲ್ಲಿ ಸುತ್ತಿ, ಭುಜಕ್ಕೆ ಹಾಕುವ ಬಾರು ಬಿಟ್ಟು ಬಿಗಿದೆ. ಮಾಡುವ ಕೆಲಸವನ್ನು ಕೆಟ್ಟದಾಗಿ ಮಾಡಲು ನನಗೆ ಬರುವುದಿಲ್ಲ. ಕುನ್ನಮಾಮ ಆ ಮೂಟೆಯನ್ನು ಎತ್ತಿ ಭುಜಕ್ಕೆ ಹಾಕಿ ಅಲುಗಿಸಿ ನೋಡಿದರು.

"ಲಾಯ್ಕಾಗಿ ಕಟ್ಟಿದೆ ಕೂಸೇ," ಎಂದರು. "ಗೆಡ್ಡೆ ಮನೆಯವಗ ಕೈ ಒಳ್ಳೆದಿದೆ."

ಆ ಮನೆಗೆ ಬಂದು ಎರಡು ವರ್ಷದಲ್ಲಿ ಯಾರಾದರೂ ನನ್ನನ್ನು ಬಾಯಿಬಿಟ್ಟು ಹೊಗಳಿದ್ದು ಅದೇ ಮೊದಲು. ಜೇನು ತರುವವಳ ನಗು ನನಗೆ ನೆನಪಾಯಿತು. ಆ ನಾಲ್ಕು ಗುಡಿಸಲಲ್ಲಿ ಯಾವುದೋ ಒಂದರ ಮುಂದೆ ಅವಳು ಆ ಹೊತ್ತಿಗೆ ಗೆಣಸು ಸುಡುತ್ತಿರಬಹುದು. ಗಂಡ ಧಾನ್ಯ ತರುತ್ತಾನೆ ಎಂದು ದಾರಿ ನೋಡುತ್ತಿರಬಹುದು. ಅವಳ ಮನೆಗೆ ಹಚ್ಚುವ ಬೆಂಕಿಯನ್ನು ನಾನು ಮಳೆಯಲ್ಲಿ ನೆನೆಯದ ಹಾಗೆ ಕಟ್ಟಿಕೊಟ್ಟಿದ್ದೆ.

ಒಳಗೆ ಹೋಗಿ ಅಟ್ಟ ಹತ್ತಿದೆ. ಮಾಮಿ ನನ್ನ ಸೆರಗು ಹಿಡಿದರು. "ಎಲ್ಲಿಗ? ನಿನಗ ಹುಚ್ಚಾ?" ಸೆರಗು ಹರಿದು ಅವರ ಕೈಯಲ್ಲೇ ಉಳಿಯಿತು. ರಕ್ತ ಒಣಗಿ ಹಲಗೆಯಂತಾಗಿದ್ದ ತುಪ್ಪಟ್ಟಿಯನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದೆ.

ಎಮ್ಮೆಯ ದೊಡ್ಡಿಯ ಹತ್ತಿರಕ್ಕೆ ನಮ್ಮಲ್ಲಿ ಹೆಂಗಸರು ಹೋಗುವುದಿಲ್ಲ. ಹಾಲು ಕರೆಯುವುದು, ಹಾಲಿನ ಮನೆ, ಎಲ್ಲ ಗಂಡಸರದು. ದೊಡ್ಡಿಯ ಮುಂದೆ ಒಂದು ಕಲ್ಲು ಹಾಸಿದೆ. ಅದು ನಮ್ಮ ಗಡಿ. ನಾನು ಆ ಕಲ್ಲು ದಾಟಿದೆ.

"ಹೆಮ್ಮಾತಿ ಎಲ್ಲಿಗ ಬರುವ? ಓಯ್!"

"ಇವಗ ಏನಾತು? ಹಿಡಿರಿ!"

ಹೇಳಬೇಕೆಂದು ಬಾಯಿ ತೆರೆದೆ. ಮಾತು ಬರಲಿಲ್ಲ. ಇಪ್ಪತ್ತು ಗಂಡಸರು ನನ್ನನ್ನೇ ನೋಡುತ್ತಿದ್ದರು. ನನ್ನ ಮುಖವನ್ನೇ ಸರಿಯಾಗಿ ಕಂಡಿರದವರು ಅವರಲ್ಲಿ ಎಷ್ಟೋ ಮಂದಿ. ತುಪ್ಪಟ್ಟಿಯನ್ನು ಬಿಡಿಸಿ ಗೋಡೆಯ ಮೇಲಿಂದ ದೊಡ್ಡಿಯೊಳಗೆ ಎಸೆದೆ.

ಅದು ನೆಲ ಮುಟ್ಟುವ ಮೊದಲೇ ಗಂಟೆಯ ಎಮ್ಮೆ ಬಾಯಿ ಹಾಕಿತು. ಇನ್ನೊಂದು ಬಂದು ಇನ್ನೊಂದು ತುದಿ ಹಿಡಿಯಿತು. ಆಮೇಲೆ ಓಣಿಯಲ್ಲಿ ಆದದ್ದೇ ಮತ್ತೆ ಆಯಿತು, ನಡುವೆ ಮನುಷ್ಯ ಮಾತ್ರ ಇರಲಿಲ್ಲ. ಕೊಂಬು ಬಡಿದವು. ಒಂದು ಕರು ಕಾಲಡಿಗೆ ಸಿಕ್ಕಿ ಅರಚಿತು. ಬಟ್ಟೆ ಪರಪರ ಹರಿದು ಚೂರು ಚೂರಾಯಿತು. ಒಂದೊಂದು ಚೂರನ್ನೂ ಒಂದೊಂದು ಎಮ್ಮೆ ಕಣ್ಣು ಮುಚ್ಚಿ ಅಗಿಯುತ್ತ ನಿಂತಿತು.

ಮಾಮ ಗಳ ದಾಟಿ ಒಳಗೆ ಹೋದರು. ಒಂದು ಎಮ್ಮೆಯ ಬಾಯಿಂದ ಚಿಂದಿ ಎಳೆದು ನಾಲಿಗೆಗೆ ಇಟ್ಟರು.

"ಉಪ್ಪು," ಎಂದರು.

ಅಷ್ಟಕ್ಕೇ ಮುಗಿಯುತ್ತದೆ ಎಂದು ನಾನು ತಿಳಿದಿದ್ದೆ. ಕುನ್ನಮಾಮನ ಭುಜದ ಮೇಲೆ ಪಂಜಿನ ಮೂಟೆ ಹಾಗೇ ಇತ್ತು. "ಉಪ್ಪಾದರ ಏನು? ಬಟ್ಟೆಗ ಉಪ್ಪ ಹಚ್ಚಿದವನೂ ಇವನೇ ಇರಬಹುದು," ಎಂದರು. "ಕುರುಂಬಗ ಅದು ಆಗದಾ?" ಎರಡು ಮೂರು ಧ್ವನಿ ಹೌದೆಂದವು. ಕಟ್ಟಿದ ಮೂಟೆಯನ್ನು ಬಿಚ್ಚಲು ಯಾರಿಗೂ ಮನಸ್ಸಿರಲಿಲ್ಲ.

ಆಗ ಮಾತು ಬಂತು. ಎಲ್ಲಿಂದ ಬಂತೋ ಗೊತ್ತಿಲ್ಲ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸುವಷ್ಟು ಜೋರಾಗಿತ್ತು.

"ಅವ ಅಲ್ಲ. ನಾ. ನೆನೆದ ಉಪ್ಪ ನಾ ಅದರ ಮೇಲ ಹರಡಿದೆ. ಎನಗ ಗೊತ್ತಿರಲಿಲ್ಲೆ."

ಮಾಮ ದೊಡ್ಡಿಯಿಂದ ಹೊರಗೆ ಬಂದರು. ಕೈಯಲ್ಲಿ ಎಮ್ಮೆಯ ಕೋಲಿತ್ತು. ಮೊದಲ ಏಟು ಎಡಗಿವಿಯ ಮೇಲೆ ಬಿತ್ತು. ನಾನು ಬಿದ್ದೆ. ಆಮೇಲೆ ಬೆನ್ನ ಮೇಲೆ. ಎಷ್ಟು ಎಂದು ಎಣಿಸಲಿಲ್ಲ. ಎಡಗಿವಿಯ ಕಡೆಯಿಂದ ನೀವು ಕರೆದರೆ ನಾನು ತಿರುಗುವುದಿಲ್ಲ, ಅಜ್ಜಿಗೆ ಬಿಂಕ ಎಂದು ನೀವು ನಗುತ್ತೀರಲ್ಲ, ಆ ಕಿವಿ ಹೋದದ್ದು ಅವತ್ತು. ಹೊಡೆಯುತ್ತ ಹೊಡೆಯುತ್ತ ಅವರು ಅಳತೊಡಗಿದರು. ಕೋಲು ಕೈಯಿಂದ ಜಾರಿತು. ಅವರು ಕಂಬದ ಹತ್ತಿರ ಹೋಗಿ, ಗಂಟು ಬಿಚ್ಚಲಾಗದೆ, ಹಗ್ಗವನ್ನು ಕತ್ತಿಯಿಂದ ಕೊಯ್ದರು.

ಕುರುಂಬ ಬಗ್ಗಿ ನೆಲದಿಂದ ತನ್ನ ಹಲ್ಲುಗಳನ್ನು ಹುಡುಕಿ ತೆಗೆದು ಬಟ್ಟೆಯ ತುದಿಗೆ ಗಂಟು ಹಾಕಿಕೊಂಡ. ಯಾರೂ ಅವನನ್ನು ತಡೆಯಲಿಲ್ಲ, ಯಾರೂ ನೀರೂ ಕೊಡಲಿಲ್ಲ. ಗಳದ ಮೇಲಿಂದ ಕೈ ಚಾಚಿ ಗಂಟೆಯ ಎಮ್ಮೆಯ ಕೊಂಬಿನಿಂದ ತನ್ನ ದಾರ ಬಿಚ್ಚಿಕೊಂಡ. ಅದು ಅವನ ಕೈಯ ರಕ್ತ ನೆಕ್ಕಿತು.

"ಎಮ್ಮೆಗ ಉಪ್ಪ ಕೊಡು, ಗೌಡ," ಎಂದ. ಒಡೆದ ಬಾಯಿಂದ ಮಾತು ನೊರೆನೊರೆಯಾಗಿ ಬಂತು. "ಇಲ್ಲೆಂದರ ಇನ್ನೊಬ್ಬನ ತುಳಿವುದು."

ಹಾಗೆ ಹೇಳಿ ಇಳಿಜಾರಿನ ಕಡೆ ನಡೆದ. ನನ್ನ ಪಕ್ಕದಲ್ಲೇ ಹಾದುಹೋದ. ನನ್ನ ಕಡೆ ನೋಡಲಿಲ್ಲ. ನೋಡಬೇಕೆಂದು ನಾನೂ ಬಯಸಲಿಲ್ಲ.

ಹಿಮ ನಮಗಾಗಿ ಕಾಯುವುದಿಲ್ಲ. ಮರುದಿನವೇ ಎಮ್ಮೆಗಳು ಇಳಿಯಬೇಕಿತ್ತು. ಮೂರನೆಯ ಸಲ ಮೂಟೆ ಕಟ್ಟಿದವಳೂ ನಾನೇ. ಒಂದು ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಬೆನ್ನು ಬಗ್ಗುತ್ತಿರಲಿಲ್ಲ. ಪಂಜುಗಳ ಬಟ್ಟೆ ಬಿಚ್ಚಿ, ಎಣ್ಣೆ ಹಿಂಡಿ, ಕುದಿಸಿ ಒಣಗಿಸಿ ಗಾಯದ ಮೂಟೆಗೆ ಹಾಕಿದೆ. ಹಿಟ್ಟು, ಸಾಮೆ, ಬೆಳ್ಳುಳ್ಳಿ. ಉಪ್ಪಿನ ಕೊಳವೆಯನ್ನು ಮಾತ್ರ ಮಾಮಿ ಮುಟ್ಟಲು ಬಿಡಲಿಲ್ಲ. ಮಾಮನೇ ಮಂದೆಯ ಮುಂದೆ ನಡೆದರು. ಕೊಂಬಿಗೆ ದಾರವಿಲ್ಲದೆ ಇಳಿದ ಮೊದಲ ವರ್ಷ ಅದು. ಯಾರನ್ನೂ ಹುಲಿ ಹಿಡಿಯಲಿಲ್ಲ.

ನನ್ನನ್ನು ತವರಿಗೆ ಓಡಿಸಲಿಲ್ಲ. ನಿಮ್ಮ ಅಜ್ಜ ನಾಲ್ಕು ತಿಂಗಳು ಮಲಗಿ ಎದ್ದರು. ಅವರ ಕುಂಟು ನಡಿಗೆ ನೀವು ಕಂಡದ್ದೇ. ನನಗೆ ಒಂದು ಕೆಟ್ಟ ಮಾತೂ ಹೇಳಲಿಲ್ಲ. "ನಿನ್ನ ಉಪ್ಪ ತಿಂದವ ನಾ," ಎಂದು ಕೆಣಕುತ್ತಿದ್ದರು, ಅಷ್ಟೇ. ಕುರುಂಬ ಮತ್ತೆ ಬರಲಿಲ್ಲ. ಬಿತ್ತನೆಯ ಕಾಲಕ್ಕೆ ಮಾಮ ಅವನ ಪಾಲಿನ ಧಾನ್ಯ ಹೊತ್ತು ತಾವೇ ಇಳಿದು ಹೋಗಿ, ಗುಡಿಸಲುಗಳು ಕಾಣುವ ಬಂಡೆಯ ಮೇಲೆ ಇಟ್ಟು ಕೂಗಿ ಬಂದರು. ವಾರ ಬಿಟ್ಟು ನೋಡಿದರೆ ಚೀಲ ಹಾಗೇ ಇತ್ತು, ಹಂದಿ ಹರಿದಿತ್ತು. ಜೇನಿನವಳನ್ನು ನಾನು ಆಮೇಲೆ ಕಾಣಲಿಲ್ಲ. ಆ ವರ್ಷ ನಮ್ಮ ಹೊಲಕ್ಕೆ ಮೊದಲ 
ಹಿಡಿ ಕಾಳು ಹಾಕಲು ಹಟ್ಟಿಯಲ್ಲಿ ಒಬ್ಬರ ಕೈಯೂ ಏಳಲಿಲ್ಲ. ಕೊನೆಗೆ ಮಾಮ ಕಣ್ಣು ಮುಚ್ಚಿಕೊಂಡು ಎರಚಿದರು.

ಈಗ ಇದನ್ನು ಬರೆಯಲು ಕಾರಣ ಹೇಳುತ್ತೇನೆ. ಮೊನ್ನೆ ಸಾವಿನ ಮನೆಯಲ್ಲಿ ಕುನ್ನಮಾಮನ ಮಗ ಇದೇ ಕಥೆಯನ್ನು ಹೇಳುತ್ತಿದ್ದ. ನೀವು ಮೂವರೂ ಅವನ ಮುಂದೆ ಕುಳಿತಿದ್ದಿರಿ. ಕುರುಂಬ ಎಮ್ಮೆಗಳಿಗೆ ಮಂತ್ರ ಹಾಕಿದನಂತೆ, ನಮ್ಮ ಹಿರಿಯರು ಹಲ್ಲು ಮುರಿದ ಕೂಡಲೇ ಮಂತ್ರ ಬಿಟ್ಟು ಎಮ್ಮೆಗಳು ಸಾಧುವಾದವಂತೆ. ಉಪ್ಪಿನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ನಾನೂ ಇರಲಿಲ್ಲ. ಎದ್ದು ನಿಂತು ಸುಳ್ಳೆಂದು ಹೇಳಬೇಕಿತ್ತು. ಅಷ್ಟು ಜನರ ನಡುವೆ ಏಳಲಾಗಲಿಲ್ಲ, ಕುಳಿತೇ ಇದ್ದೆ. ಅವತ್ತು ಒಂದು ಸಲ ಬಂದ ಧ್ವನಿ ಆಮೇಲೆ ಬರಲೇ ಇಲ್ಲ.

ಅವತ್ತು ಅಲ್ಲಿ ಇದ್ದವರಲ್ಲಿ ಉಳಿದವಳು ನಾನೊಬ್ಬಳೇ. ನಾನು ಹೋದರೆ ಆ ಮನುಷ್ಯನು ಎಂದೆಂದಿಗೂ ಮಂತ್ರ ಹಾಕಿದವನಾಗಿಯೇ ಉಳಿಯುತ್ತಾನೆ. ಅವನು ತಪ್ಪು ಮಾಡಲಿಲ್ಲ ಎಂದು ಈ ಹಾಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಬರೆದಿಲ್ಲ. ಆದ್ದರಿಂದ ಮಕ್ಕಳೇ, ಇವು ಇಲಿಗೆ, ಮಂಜಿಗೆ, ಒಲೆಯ ಕಿಡಿಗೆ ಸಿಗದಂತೆ ನೋಡಿಕೊಳ್ಳಿ. ದೊಡ್ಡವನೇ, ನಿನ್ನ ಹತ್ತಿರ ಇಟ್ಟುಕೋ. ನಿನಗಾಗದಿದ್ದರೆ ತಂಗಿಯರ ಕೈಗೆ ಕೊಡು.